ಸಂಬಳದ ಕೆಲಸ ಕಾಯಕವಾದೀತೇ?

ಕಾಲೇಜು ಮುಗಿಸಿ ಮೊದಲ ನೌಕರಿಗೆ ಸೇರಿದವರ ತೊಡಕುಗಳಲ್ಲಿ ಹೆಚ್ಚಿನವು ರೂಢಿಯಿಂದಲೇ ಬಗೆಹರಿಯುತ್ತವೆ. ಹೊತ್ತಿಗೆ ಸರಿಯಾಗಿ ಹೊರಡುವುದು, ಮೇಲಿನವರಿಗೆ ಇಮೇಲ್ ಬರೆಯುವುದು, ಮೀಟಿಂಗಿನಲ್ಲಿ ಯಾವಾಗ ಬಾಯಿ ತೆರೆಯಬೇಕು, ಯಾವಾಗ ಸುಮ್ಮನಿರಬೇಕು ಎಂಬುದೆಲ್ಲ ಕೆಲವು ತಿಂಗಳಲ್ಲಿ ಕೈವಶವಾಗುತ್ತದೆ. ಬಗೆಹರಿಯದೆ ಉಳಿಯುವ ಪ್ರಶ್ನೆ ಬೇರೆಯೇ ಇದೆ. ಎಚ್ಚರವಿರುವ ಹೊತ್ತಿನ ದೊಡ್ಡ ಪಾಲನ್ನು ಇನ್ನೊಬ್ಬರ ಉದ್ದೇಶಕ್ಕೆ ಒಪ್ಪಿಸಿ ಬದುಕುವುದು ಒಳ್ಳೆಯ ಬದುಕೇ? ವಿದ್ಯಾರ್ಥಿಯ ಓದು ವಿದ್ಯಾರ್ಥಿಯದು. ಪಾಸಾದರೂ ಫೇಲಾದರೂ ಫಲ ಅವರದೇ. ನೌಕರರು ಬೆಳಗಿನಿಂದ ಮಾಡಿದ್ದು ಸಂಜೆಗೆ ಕಂಪನಿಯದಾಗಿರುತ್ತದೆ. ಇದನ್ನು ‘ಹೊಂದಿಕೊಳ್ಳುವ ಸಮಸ್ಯೆ’ ಎಂದು ಕರೆದು ಎರಡು ದಿನದ ತರಬೇತಿಯಲ್ಲಿ ಮುಗಿಸಿಬಿಡುವುದು ಸುಲಭ. ಆದರೆ ಇದು ಧರ್ಮ ಮತ್ತು ತತ್ತ್ವಶಾಸ್ತ್ರಗಳು ಬಹುಕಾಲದಿಂದ ಚರ್ಚಿಸುತ್ತ ಬಂದ ಪ್ರಶ್ನೆ.

ಕನ್ನಡದಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ. ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟುವ ಮಾತು ಸರ್ಕಾರಿ ಕಚೇರಿಯ ಗೋಡೆಯಿಂದ ಬೀಳ್ಕೊಡುಗೆ ಭಾಷಣದವರೆಗೆ ಎಲ್ಲೆಲ್ಲೂ ಸಿಗುತ್ತದೆ, ಬಹಳ ಸಲ ಬಸವಣ್ಣನ ಹೆಸರಿನಲ್ಲಿ. ಅದರ ಮೂಲವಿರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ಮುಳುಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮನೇ ಎದುರು ಬಂದು ನಿಂತರೂ ಅವನ ಹಂಗು ಹರಿದುಕೊಳ್ಳಬೇಕು ಎಂಬುದು ಮಾರಯ್ಯನ ವಾದ. ಗೋಡೆಯ ಮೇಲಿನ ತುಣುಕನ್ನಷ್ಟೇ ಓದಿದರೆ ಅದು ‘ಎದುರಾಡದೆ ದುಡಿ’ ಎಂಬ ಅಪ್ಪಣೆಯಂತೆ ಕೇಳಿಸುತ್ತದೆ. ಪೂರ್ತಿ ವಚನ ಹೇಳುವುದು ದುಡಿಯುವವನು ಯಾರ ಹಂಗಿನಲ್ಲೂ ಇಲ್ಲ ಎಂದು. ಗುರುವಿನ ಹಂಗೂ ಇಲ್ಲದವನಿಗೆ ಮ್ಯಾನೇಜರನ ಹಂಗು ಇರುವುದು ಹೇಗೆ?

ಹನ್ನೆರಡನೆಯ ಶತಮಾನದ ಶರಣರು ಎಲ್ಲ ದುಡಿಮೆಯನ್ನೂ ಕಾಯಕವೆಂದು ಕರೆಯಲಿಲ್ಲ. ಅದಕ್ಕೆ ಅವರ ನಿಬಂಧನೆಗಳು ಬಿಗಿಯಾಗಿದ್ದವು. ಮೊದಲನೆಯದು ಶುದ್ಧಿ. ಕಸ ಗುಡಿಸುತ್ತಿದ್ದ ಸತ್ಯಕ್ಕ, ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟುವುದಿಲ್ಲ ಎಂದು ಆಣೆಯಿಟ್ಟು ಹೇಳುತ್ತಾಳೆ. ಎರಡನೆಯದು, ದುಡಿಮೆಯಿಂದ ಯಾರಿಗೂ ವಿನಾಯಿತಿಯಿಲ್ಲ. ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಪ್ರಕಾರ ಗುರುವಾಗಲಿ ಜಂಗಮನಾಗಲಿ ದುಡಿದೇ ಉಣ್ಣಬೇಕು. ಕೆಲಸದಲ್ಲಿ ಮೇಲುಕೀಳೂ ಇರಲಿಲ್ಲ. ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯ ಕಲ್ಯಾಣದಲ್ಲಿ ಸೌದೆ ಹೊತ್ತು ಮಾರಿದ. ಎಂಜಿನಿಯರಿಂಗ್ ಓದಿ ಬಂದು ದಿನವಿಡೀ ಎಕ್ಸೆಲ್ ಹಾಳೆ ತುಂಬುತ್ತ ‘ಇದಕ್ಕಾಗಿ ಓದಿದೆನೇ’ ಎಂದು ಕೊರಗುವವರಿಗೆ ಈ ಕಥೆ ಸ್ವಲ್ಪ ಸಮಾಧಾನ ಕೊಡಬಹುದು, ಪೂರ್ತಿ ಅಲ್ಲ. ಮಾರಯ್ಯ ಆ ಹೊರೆಯನ್ನು ತಾನಾಗಿ ಆರಿಸಿಕೊಂಡಿದ್ದ.

ಎಲ್ಲಕ್ಕಿಂತ ಮುಖ್ಯವಾದದ್ದು ಮಿತಿಯ ನಿಬಂಧನೆ. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ತಡೆದಳು. ಆಸೆ ಅರಸರಿಗೆ ಸಲ್ಲುವುದೇ ಹೊರತು ಭಕ್ತರಿಗಲ್ಲ ಎಂದು ಹೇಳಿ, ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬರುವಂತೆ ಕಳಿಸಿದಳು. ದುಡಿಮೆಗೂ ಮೇಲ್ಮಿತಿಯಿದೆ ಎಂಬುದನ್ನು ಈ ಪ್ರಸಂಗ ನೇರವಾಗಿ ಹೇಳುತ್ತದೆ. ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ 2023ರ ಅಕ್ಟೋಬರ್‌ನಲ್ಲಿ ಹೇಳಿದಾಗ ದೇಶವೆಲ್ಲ ಚರ್ಚೆಯಾಯಿತು. ಅಂಥ ಮಾತಿಗೆ ಕಾಯಕತತ್ತ್ವವನ್ನು ಬೆಂಬಲಕ್ಕೆ ಕರೆಯುವವರು ಲಕ್ಕಮ್ಮನನ್ನು ಬಿಟ್ಟು ಓದುತ್ತಾರೆ.

ಐಟಿ ಕಂಪನಿಗಳ ‘ಬೆಂಚ್’ ಈ ತತ್ತ್ವಕ್ಕೆ ವಿಚಿತ್ರ ಪರೀಕ್ಷೆ. ಪ್ರಾಜೆಕ್ಟ್ ಸಿಗುವವರೆಗೆ ಹೊಸಬರು ಕೆಲಸವಿಲ್ಲದೆ ಸಂಬಳ ಪಡೆಯುತ್ತಾರೆ. ಹೊರಗಿನವರಿಗೆ ಅದು ಪುಣ್ಯವಾಗಿ ಕಾಣುತ್ತದೆ. ಕೂತವರಿಗೆ ಮುಜುಗರ, ಅದರೊಳಗೆ ಕೆಲಸ ಹೋದೀತೆಂಬ ಭಯ. ಚಂದಯ್ಯನ ಲೆಕ್ಕದಲ್ಲಿ ದುಡಿಯದೆ ಬಂದ ಸಂಬಳ ಕಾಯಕದ್ದಲ್ಲ. ಆದರೆ ಇಲ್ಲಿ ದುಡಿಯಲು ಸಿದ್ಧರಿದ್ದವರಿಗೇ ಕೆಲಸ ಕೊಟ್ಟಿಲ್ಲ. ಬೆಂಚಿನ ಮುಜುಗರ ದೌರ್ಬಲ್ಯವಲ್ಲ, ಸರಿಯಾದ ನೈತಿಕ ಪ್ರಜ್ಞೆ. ತಪ್ಪು ಮಾತ್ರ ಕೂತವರದಲ್ಲ.

ಭಗವದ್ಗೀತೆ ಬೇರೆ ದಾರಿ ಹಿಡಿಯುತ್ತದೆ. ಹದಿನೆಂಟನೆಯ ಅಧ್ಯಾಯದಲ್ಲಿ ಸ್ವಕರ್ಮವೇ ಪೂಜೆಯಾಗುತ್ತದೆ. ಎರಡನೆಯದರಲ್ಲಿ ಅಧಿಕಾರ ಕರ್ಮಕ್ಕಷ್ಟೇ, ಫಲಕ್ಕಿಲ್ಲ. ಮಂಡಾಲೆಯ ಸೆರೆಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ‘ಗೀತಾರಹಸ್ಯ’ದಲ್ಲಿ ತಿಲಕರು ಇದನ್ನು ಕರ್ಮಯೋಗವಾಗಿ ಎತ್ತಿ ಹಿಡಿದರು. ಹೊಸ ನೌಕರರಿಗೆ ಇದರಿಂದ ನಿಜವಾದ ಪ್ರಯೋಜನವಿದೆ: ಅಪ್ರೈಸಲ್‌ನ ಅಂಕೆ ತನ್ನ ಬೆಲೆಯಲ್ಲ ಎಂದು ತಿಳಿದವರು ಕೆಲಸದಲ್ಲಿ ನೆಮ್ಮದಿಯಾಗಿರುತ್ತಾರೆ. ತೊಡಕುಗಳೂ ಇವೆ. ಗೀತೆಯ ಸ್ವಕರ್ಮ ಹುಟ್ಟು ಸ್ವಭಾವಕ್ಕೆ ಅಂಟಿದ್ದು. ಆದರೆ ಕ್ಯಾಂಪಸ್‌ನಲ್ಲಿ ಆಯ್ಕೆಯಾದವರು ಟೆಸ್ಟಿಂಗಿಗೋ ಸಪೋರ್ಟಿಗೋ ಎಂಬುದನ್ನು ಎಚ್.ಆರ್. ವಿಭಾಗ ನಿರ್ಧರಿಸುತ್ತದೆ. ಅಲ್ಲದೆ, ಫಲದ ಆಸೆ ಬಿಡು ಎಂಬುದು ಸಾಧಕನು ತನಗೆ ತಾನೇ ಹೇಳಿಕೊಳ್ಳುವ ಮಾತು. ಸಂಬಳ ಕೊಡುವವರು ಅದನ್ನು ಉಪದೇಶಿಸಿದರೆ ಅನುಮಾನಿಸುವುದೇ ವಿವೇಕ.

ಯುರೋಪಿನಲ್ಲಿ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಲೌಕಿಕ ವೃತ್ತಿಯನ್ನೂ ದೇವರ ಕರೆಯೆಂದ. ಆ ನಂಬಿಕೆ ಬಂಡವಾಳ ಕೂಡಿಡುವ ಶಿಸ್ತಾಗಿ ಬೆಳೆದು, ಕೊನೆಗೆ ದೇವರು ಹೋಗಿ ಶಿಸ್ತು ಮಾತ್ರ ಉಳಿದದ್ದನ್ನು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1904–05ರ ಪ್ರಬಂಧದಲ್ಲಿ ವಿವರಿಸಿದ. ಎ.ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಶರಣರ ವೀರಶೈವವನ್ನು ಪ್ರಾಟೆಸ್ಟೆಂಟ್ ಚಳವಳಿಗಳ ಪಕ್ಕದಲ್ಲಿಟ್ಟು ನೋಡಿದ್ದಾರೆ. ಹೋಲಿಕೆ ಒಂದು ಹಂತದವರೆಗೆ ಸರಿ. ಆದರೆ ಶರಣರಲ್ಲಿ ಕಾಯಕಕ್ಕೆ ದಾಸೋಹ ಜೋಡಿ. ಗಳಿಸಿದ್ದು ಹಂಚಿ ಹೋಗಬೇಕು, ಕೂಡಿಡುವ ಹಾಗಿಲ್ಲ. ಆದ್ದರಿಂದ ಸಂಬಳ ಬಂದ ದಿನ ಏನಾಗುತ್ತದೆ ಎಂಬುದೂ ಕಾಯಕದ ಪ್ರಶ್ನೆಯೇ. ತಂಗಿಯ ಶುಲ್ಕಕ್ಕೋ ಮನೆಯ ಸಾಲಕ್ಕೋ ಮೊದಲ ಸಂಬಳ ಕಳಿಸುವವರು ಅದರ ಒಂದಂಶವನ್ನು ಪಾಲಿಸುತ್ತಿದ್ದಾರೆ, ದಾಸೋಹ ಮನೆಯ ಹೊಸ್ತಿಲಿಗೇ ನಿಲ್ಲುವುದಿಲ್ಲ ಎಂಬುದು ನಿಜವಾದರೂ.

ಹಾಗಾದರೆ ಸಂಬಳದ ಕೆಲಸ ಕಾಯಕವಾದೀತೇ? ಬಸವಣ್ಣನ ಜೀವನವೇ ಇಲ್ಲಿ ಒಳ್ಳೆಯ ಸಾಕ್ಷಿ. ಅವನು ಸ್ವತಂತ್ರ ಕುಶಲಕರ್ಮಿಯಲ್ಲ, ಕಲ್ಯಾಣದ ದೊರೆ ಬಿಜ್ಜಳನ ಭಂಡಾರಿ, ಅಂದರೆ ನೌಕರ. ಭವಿಯಾದ, ಅಂದರೆ ಲಿಂಗದೀಕ್ಷೆಯಿಲ್ಲದ ದೊರೆಯನ್ನು ಓಲೈಸುತ್ತಾನೆಂಬ ಆಕ್ಷೇಪ ಅವನ ಮೇಲೂ ಬಂದಿತ್ತು. ಕೈಕೂಲಿ ಮಾಡಿಯಾದರೂ ತಾನು ತುಡಿಯುವುದು ದೇವರ ನಿಲುವಿಗಾಗಿ, ಹೊಟ್ಟೆಪಾಡಿಗಾಗಿ ತುಡಿದರೆ ತಲೆದಂಡವಾಗಲಿ ಎಂದು ಅವನು ವಚನದಲ್ಲೇ ಉತ್ತರಿಸಿದ. ಆ ಉತ್ತರ ನೌಕರಿಯನ್ನು ಪವಿತ್ರವೆನ್ನುವುದಿಲ್ಲ, ಅದನ್ನು ಇನ್ನೊಂದು ಉದ್ದೇಶಕ್ಕೆ ಅಧೀನ ಮಾಡುತ್ತದೆ. ಮಾಡದ ಕೆಲಸವನ್ನು ಟೈಮ್‌ಶೀಟಿನಲ್ಲಿ ತುಂಬದಿರುವುದು, ಮುಗಿಯದ್ದನ್ನು ಮುಗಿದಿದೆ ಎಂದು ಗ್ರಾಹಕರಿಗೆ ಹೇಳದಿರುವುದು, ಸಾಕು ಎನ್ನುವ ಜಾಗ ಗುರುತಿಸುವುದು, ಗಳಿಸಿದ್ದನ್ನು ಹಂಚುವುದು ಇವು ನೌಕರರ ಕೈಯಲ್ಲಿವೆ. ಅಷ್ಟರ ಮಟ್ಟಿಗೆ ಸಂಬಳದ ಕೆಲಸವೂ ಕಾಯಕ. ಮೊದಲ ಎರಡನ್ನು ಬಿಡಿ ಎಂದು ಕೆಲಸವೇ ಒತ್ತಾಯಿಸಿದರೆ ಅದು ಬರೀ ಊಳಿಗ, ಬಿಡತಕ್ಕದ್ದು. ಕಲ್ಯಾಣದಲ್ಲಿ ದೊರೆಗೂ ಶರಣರಿಗೂ ವಿರಸ ಬೆಳೆದಾಗ ಬಸವಣ್ಣ ಭಂಡಾರಿಯ ಹುದ್ದೆ ಬಿಟ್ಟು ಕೂಡಲಸಂಗಮಕ್ಕೆ ಹೋದನೆಂದು ಪರಂಪರೆ ಹೇಳುತ್ತದೆ.