ವ್ರತ ಅವರವರದು, ಕಾನೂನು ಎಲ್ಲರದು

ದೇವರು ಕರದಾಗಲೇ ಜೀವ ಹೋಗಬೇಕು ಎಂಬುದು ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಕಡೆ ಹಿರೀಕರ ಮಾತು. ಅದೇ ಸೀಮೆಯ ತೇರದಾಳದಲ್ಲಿ ನೇಮಿನಾಥ ಬಸದಿಯೂ ಉಂಟು. ಜೈನರಿಗೆ ಕೊನೆಗಾಲದಲ್ಲಿ ಅನ್ನ-ನೀರು ಬಿಡುವ ಸಲ್ಲೇಖನವೇ ಪರಮ ವ್ರತ. 2015ರಲ್ಲಿ ರಾಜಸ್ಥಾನ ಹೈಕೋರ್ಟು ಅದನ್ನು ಆತ್ಮಹತ್ಯೆ ಎಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಒಬ್ಬರ ಪುಣ್ಯ ಇನ್ನೊಬ್ಬರಿಗೆ ಪಾಪವಾಗಿ ಕಂಡರೆ ಕಾನೂನು ಯಾರ ಕಣ್ಣಿನಿಂದ ನೋಡಬೇಕು?

ವೆಂಟಿಲೇಟರಿನ ಮೇಲಿರುವ ಮುದುಕರ ಪ್ರಶ್ನೆಯೂ ಇದೇ. ವಾಸಿಯಾಗದ ರೋಗಿ ಯಂತ್ರ ಬೇಡವೆನ್ನಬಹುದೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು; ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. (ಸೂಜಿ ಚುಚ್ಚಿ ಕೊಲ್ಲುವುದು ಇಂದಿಗೂ ಅಪರಾಧವೇ, ಗೊಂದಲ ಬೇಡ.) ದೇವರನ್ನು ನಂಬಿದವರು ತಮ್ಮ ಉಸಿರಿಗೆ ತಮ್ಮ ನೇಮ ಇಟ್ಟುಕೊಳ್ಳಲಿ, ಪಕ್ಕದ ಮನೆಯವರ ಮೇಲೆ ಹೇರುವುದು ಸಲ್ಲ. ಇಷ್ಟವಿದ್ದವರು ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಮಾಡಿಸಬಹುದು. ಬೇಡವಾದವರು ಬರೆಯಬೇಕಿಲ್ಲ.