ನೆನಪಿಗೆ ನಿಷ್ಠೆ ಎಂದರೇನು?

ಚಿಕ್ಕಂದಿನಲ್ಲಿ ಮೆಚ್ಚಿದ ಕಥೆಯನ್ನು ಯಾರಾದರೂ ಬದಲಿಸಿ ಹೇಳಿದರೆ ನಮಗೇಕೆ ನೋವಾಗುತ್ತದೆ? ಜಪಾನಿನ ಒಂದು ವಿಡಿಯೋ ಗೇಮ್ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

೧೯೯೭ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ ೭’ರಲ್ಲಿ ಆಡುವವರೇ ಕಥಾನಾಯಕರಾಗಿ ಸಂಗಡಿಗರೊಡನೆ ಸಾಗುತ್ತಾರೆ. ನಡುದಾರಿಯಲ್ಲಿ ಹೂ ಮಾರುವ ಏರಿತ್ ಎಂಬ ಹುಡುಗಿ ಕೊಲೆಯಾಗುತ್ತಾಳೆ. ಎಷ್ಟು ಜಾಣತನದಿಂದ ಆಡಿದರೂ ಅವಳು ಮರಳಿ ಬರುವುದಿಲ್ಲ. ಆ ದುಃಖ ಎಷ್ಟೋ ಮಂದಿಯ ಮನದಲ್ಲಿ ಇಂದಿಗೂ ಉಳಿದಿದೆ.

ಅದನ್ನು ತಯಾರಿಸಿದ ಸ್ಕ್ವೇರ್ ಕಂಪನಿ ೨೦೦೩ರಲ್ಲಿ ಸ್ಕ್ವೇರ್ ಎನಿಕ್ಸ್ ಆಯಿತು. ಮುಂದೆ ಎರಡು ದಾರಿ ಹಿಡಿಯಿತು. ೨೦೧೮ರ ‘ಆಕ್ಟೋಪಾತ್ ಟ್ರಾವೆಲರ್’ನಲ್ಲಿ ಕಥೆ ಹೊಸದು, ಚುಕ್ಕಿ ಜೋಡಿಸಿದಂಥ ಚಿತ್ರಗಳು, ಸರದಿಯಂತೆ ನಡೆಯುವ ಕಾಳಗ ಹಳೆಯ ಕಾಲದವು. ೨೦೨೦ರಲ್ಲಿ ಏರಿತಳ ಕಥೆಯನ್ನೇ ಹೊಸದಾಗಿ ಕಟ್ಟಲು ತೊಡಗಿದರು. ಕಾಳಗ ಈಗ ಬಿರುಸಾಯಿತು. ಕಥೆ ಹಳೆಯ ಹಾದಿ ತಪ್ಪದಂತೆ ಕಾಯುವ ನೆರಳುಗಳೂ ಸೇರಿಕೊಂಡವು. ಕೊನೆಗೆ ನಾಯಕರು ಅವುಗಳೊಡನೆಯೇ ಹೋರಾಡುತ್ತಾರೆ.

ಹಾಗಾದರೆ ಹಳೆಯದೇ ಬೇಕೆನ್ನುವವರದು ತಪ್ಪೆ? ತಪ್ಪೆನ್ನಲಾರೆ. ಆದರೆ ರೂಪವನ್ನು ಹಾಗೆಯೇ ಉಳಿಸಿಕೊಂಡರೂ ಮೊದಲ ದಿನದ ಆಘಾತ ಮರಳದು. ಮುಂದೇನೆಂದು ನಮಗೆ ಗೊತ್ತಿರುತ್ತದೆ. ಹೊಸದಾಗಿ ಕಟ್ಟುವವರಿಗೂ ಒಂದು ಹೊಣೆಯುಂಟು. ಆ ಸಾವನ್ನು ಸುಲಭವಾಗಿ ಅಳಿಸಿಬಿಟ್ಟರೆ, ಅಂದು ಅತ್ತವರ ಕಣ್ಣೀರನ್ನೇ ಹಗುರ ಮಾಡಿದಂತೆ.

ಅಜ್ಜಿಯಿಂದ ಕೇಳಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ ಮಾತು ಬದಲಾಗುತ್ತದೆ. ಬದಲಾಗಲಿ. ಆದರೆ ಅಜ್ಜಿ ಎಲ್ಲಿ ದನಿ ತಗ್ಗಿಸುತ್ತಿದ್ದರೋ, ಅಲ್ಲಿ ನಾವೂ ತಗ್ಗಿಸೋಣ.