ಮಬ್ಬು ನೀರನ್ನು ಚೆಲ್ಲುವ ಮುನ್ನ

ಹೊಸ ಫಿಶ್ ಟ್ಯಾಂಕ್ ಮನೆಗೆ ಬಂದ ಮೂರನೆಯದೋ ನಾಲ್ಕನೆಯದೋ ದಿನ ಗಾಜಿನೊಳಗಿನ ನೀರು ಬೆಳ್ಳಗೆ ಮಬ್ಬಾಗುತ್ತದೆ. ನಿನ್ನೆ ಫಳಫಳ ಹೊಳೆಯುತ್ತಿದ್ದ ಕಲ್ಲುಗಳು ಮಸುಕು, ಗೋಲ್ಡ್‌ಫಿಶ್ ಗಾಜಿನ ಹತ್ತಿರ ಬಂದರಷ್ಟೇ ಕಣ್ಣಿಗೆ ಬೀಳುತ್ತದೆ. ಮನೆಯವರೆಲ್ಲ ಸೇರಿ ತೀರ್ಮಾನಿಸುತ್ತಾರೆ: ನೀರು ಕೊಳೆಯಾಗಿದೆ, ಚೆಲ್ಲಿ ತೊಳೆಯೋಣ. ಮೀನು ಬಕೆಟ್ಟಿಗೆ, ಕಲ್ಲು ನಲ್ಲಿಯ ಕೆಳಗೆ, ಫಿಲ್ಟರಿನ ಸ್ಪಾಂಜಿಗೆ ಚೆನ್ನಾಗಿ ಉಜ್ಜಿ ಸ್ನಾನ. ಸಂಜೆಗೆ ಟ್ಯಾಂಕ್ ತಿಳಿಯಾಗಿರುತ್ತದೆ. ಎರಡು ದಿನ ಕಳೆದರೆ ಮತ್ತೆ ಮಬ್ಬು, ಮತ್ತೆ ತೊಳೆಯುವ ಕೆಲಸ. ಹೀಗೆ ತೊಳೆಯುತ್ತಿರುವಾಗಲೇ ಒಂದು ಬೆಳಿಗ್ಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಪರಿಚಿತರ ಮನೆಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ, ಪ್ರತಿ ಸಲವೂ ಸಂಕಟವಾಗಿದೆ. ಆ ಮನೆಯವರಲ್ಲಿ ಅಕ್ಕರೆಗೆ ಕೊರತೆಯಿರಲಿಲ್ಲ. ಯಾವುದನ್ನು ಮುಟ್ಟದೆ ಬಿಡಬೇಕು ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ.

ಆ ಬಿಳುಪು ಬ್ಯಾಕ್ಟೀರಿಯಾಗಳದು. ತಿಂದುಳಿದ ಆಹಾರ, ಮೀನಿನ ಹಿಕ್ಕೆ ನೀರಿನಲ್ಲಿ ಕರಗತೊಡಗಿದಾಗ ಅದನ್ನೇ ಉಂಡು ಬೆಳೆಯುವ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚಿಬಿಡುತ್ತವೆ. ಒಂದೊಂದಾಗಿ ಕಣ್ಣಿಗೆ ಕಾಣದವು, ಲೆಕ್ಕವಿಲ್ಲದಷ್ಟು ಸೇರಿದಾಗ ಬೆಳಕನ್ನು ಚದುರಿಸಿ ನೀರನ್ನು ಬೆಳ್ಳಗಾಗಿಸುತ್ತವೆ. ಉಣ್ಣಲು ಇದ್ದದ್ದು ಮುಗಿದರೆ ತಾವಾಗಿಯೇ ತಗ್ಗುತ್ತವೆ. ಕೆಲವು ದಿನ ಸಾಕು, ಒಮ್ಮೊಮ್ಮೆ ಒಂದೆರಡು ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ನೀರಿನ ಆಮ್ಲಜನಕವನ್ನೂ ಅವು ಬಳಸಿಕೊಳ್ಳುವುದರಿಂದ ಏರ್ ಪಂಪನ್ನು ರಾತ್ರಿಯೂ ನಿಲ್ಲಿಸಬಾರದು. ಶಬ್ದವಾಗುತ್ತದೆಂದು ಮಲಗುವಾಗ ಸ್ವಿಚ್ ಆರಿಸುವವರಿದ್ದಾರೆ. ಬೆಳಗಿನ ಜಾವ ಮೀನು ಮೇಲಕ್ಕೆ ಬಂದು ಬಾಯಿ ಕಳೆಯುತ್ತಿದ್ದರೆ ಅದಕ್ಕೆ ಉಸಿರು ಸಾಲದಾಗಿದೆ ಎಂದೇ ತಿಳಿಯಬೇಕು.

ಎಲ್ಲ ಮಬ್ಬೂ ಒಂದೇ ಅಲ್ಲ. ಟ್ಯಾಂಕಿನ ನೀರನ್ನು ಒಂದು ಗಾಜಿನ ಲೋಟದಲ್ಲಿ ತೆಗೆದು, ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ಹಸಿರು ಛಾಯೆ ಕಂಡರೆ ಅದು ತೇಲುವ ಪಾಚಿ. ಕಿಟಕಿಯ ಬಿಸಿಲು ನೇರ ಬೀಳುವ ಕಡೆ ಟ್ಯಾಂಕ್ ಇಟ್ಟಿರುತ್ತಾರೆ, ಇಲ್ಲವೇ ಲೈಟು ಇಡೀ ದಿನ ಉರಿಯುತ್ತಿರುತ್ತದೆ. ಜಾಗ ಬದಲಿಸಿ ಲೈಟನ್ನು ಎಂಟು ಗಂಟೆಗಿಂತ ಕಡಿಮೆ ಮಾಡಿದರೆ ಹತೋಟಿಗೆ ಬರುತ್ತದೆ. ಲೋಟವನ್ನು ಅಲುಗಿಸದೆ ಕೆಲವು ಗಂಟೆ ಬಿಟ್ಟಾಗ ತಳದಲ್ಲಿ ಸಣ್ಣ ಪುಡಿ ಕೂತರೆ ಅದು ಸರಿಯಾಗಿ ತೊಳೆಯದ ಜಲ್ಲಿಯ ಧೂಳು. ಚಹಾದ ಬಣ್ಣಕ್ಕೆ ತಿರುಗಿಯೂ ಪಾರದರ್ಶಕವಾಗಿದ್ದರೆ ಅಲಂಕಾರಕ್ಕೆ ಇಟ್ಟ ಮರದ ಬೇರಿನಿಂದ ಒಗರು ಇಳಿದಿದೆ, ಮೀನಿಗೆ ತೊಂದರೆಯಿಲ್ಲ. ಬಿಳುಪು ಹಾಗೆಯೇ ಉಳಿದರೆ ಮಾತ್ರ ಬ್ಯಾಕ್ಟೀರಿಯಾಗಳ ಲೆಕ್ಕ.

ಮೀನಿನ ಜೀವಕ್ಕೆ ಎರವಾಗುವುದು ಕಣ್ಣಿಗೆ ಕಾಣದ ಅಮೋನಿಯ. ಮೀನು ಅದನ್ನು ಕಿವಿರುಗಳಿಂದಲೇ ಹೊರಬಿಡುತ್ತಿರುತ್ತದೆ, ಕೊಳೆತ ಆಹಾರದಿಂದಲೂ ಅದು ಬರುತ್ತದೆ. ಕೆರೆಯಲ್ಲಾದರೆ ವಿಸ್ತಾರವಾದ ನೀರು, ಗಿಡ, ಮಣ್ಣು ಎಲ್ಲವೂ ಅದನ್ನು ಹೀರಿಕೊಳ್ಳುತ್ತವೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ತುಂಬಿದರೂ ಹಿಡಿಯುವುದು ಸುಮಾರು 56 ಲೀಟರ್. ಅಲ್ಲಿ ಅಮೋನಿಯಕ್ಕೆ ಹೋಗಲು ಜಾಗವಿಲ್ಲ. ಅದನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಬೇರೆಯೇ ಬ್ಯಾಕ್ಟೀರಿಯಾಗಳಿವೆ. ರಷ್ಯಾದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೆ ಇವುಗಳನ್ನು ಬೇರ್ಪಡಿಸಿ ತೋರಿಸಿದರು. ಇವು ನೀರಿನಲ್ಲಿ ತೇಲುವುದಕ್ಕಿಂತ ಫಿಲ್ಟರಿನ ಸ್ಪಾಂಜಿಗೆ, ಜಲ್ಲಿಗೆ, ಗಾಜಿಗೆ ಅಂಟಿಕೊಂಡು ಬದುಕುತ್ತವೆ. ಬೆಳವಣಿಗೆ ಬಹಳ ನಿಧಾನ. ಹೊಸ ಟ್ಯಾಂಕಿನಲ್ಲಿ ಸಾಕಷ್ಟು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಬಿಳಿ ಮಬ್ಬು ಇಳಿದು ನೀರು ಸ್ಫಟಿಕದ ಹಾಗೆ ಕಂಡಾಗಲೂ ಅಮೋನಿಯ ಏರುತ್ತಲೇ ಇರಬಹುದು ಎಂಬುದನ್ನು ಬಹಳ ಜನ ನಂಬುವುದೇ ಇಲ್ಲ. ಹಾಗಾಗಿ ಟ್ಯಾಂಕಿನ ಮೇಲೆ ಖರ್ಚು ಮಾಡುವವರು ಬಣ್ಣದ ಕಲ್ಲಿನ ಹಣವನ್ನು ಉಳಿಸಿ ಅಮೋನಿಯ ಟೆಸ್ಟ್ ಕಿಟ್ ಕೊಳ್ಳಲಿ ಎಂದು ಹೇಳುತ್ತೇನೆ. ಸಾಮಾನ್ಯವಾಗಿ ಸಿಗುವ ಕಿಟ್‌ನಲ್ಲಿ ಸಣ್ಣ ನಳಿಗೆಯಲ್ಲಿ ನೀರು ತೆಗೆದು ಹನಿಗಳನ್ನು ಹಾಕಿ ಐದು ನಿಮಿಷ ಕಾಯಬೇಕು. ಹಳದಿಯಾಗಿಯೇ ಉಳಿದರೆ ನೆಮ್ಮದಿ, ಹಸಿರು ಗಾಢವಾದಷ್ಟೂ ಅಪಾಯ.

ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನವರು ಇನ್ನೂ ಒಂದು ಸಂಗತಿ ಗಮನಿಸಬೇಕು. ನೀರಿನ ಪಿಎಚ್ 7 ಇದ್ದಾಗ ಅಮೋನಿಯದ ಬಹುಪಾಲು ನಿರಪಾಯ ರೂಪದಲ್ಲಿರುತ್ತದೆ. ಕೆಲವು ಬೋರ್‌ವೆಲ್ ನೀರಿನಲ್ಲಿರುವಂತೆ ಪಿಎಚ್ 8ಕ್ಕೆ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ, ಬೇಸಿಗೆಯ ಬಿಸಿ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಒಂದೇ ಅಂಗಡಿಯಿಂದ ಒಂದೇ ದಿನ ತಂದ ಮೀನು ಒಂದು ಮನೆಯಲ್ಲಿ ಬದುಕಿ ಇನ್ನೊಂದರಲ್ಲಿ ಸಾಯುವುದಕ್ಕೆ ಇದೂ ಒಂದು ಕಾರಣ. ಅದೃಷ್ಟ, ಕೈಗುಣ ಎಂದು ಸುಮ್ಮನಾಗುವುದು ಸರಿಯಲ್ಲ.

ಈಗ ತೊಳೆಯುವ ಮಾತಿಗೆ ಬರೋಣ. ಬೆಂಗಳೂರಿನ ಕಾವೇರಿ ನೀರಿಗೆ, ಹೆಚ್ಚಿನ ಊರುಗಳ ನಲ್ಲಿ ನೀರಿಗೆ ನಮ್ಮ ಆರೋಗ್ಯಕ್ಕಾಗಿ ಕ್ಲೋರಿನ್ ಬೆರೆಸಿರುತ್ತಾರೆ. ಆ ಕ್ಲೋರಿನ್‌ಗೆ ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂಬ ಭೇದವಿಲ್ಲ. ನಲ್ಲಿಯ ಕೆಳಗೆ ಸ್ಪಾಂಜ್ ಹಿಂಡಿದರೆ ವಾರಗಟ್ಟಲೆ ಬೆಳೆದದ್ದು ಕ್ಷಣದಲ್ಲಿ ಹೋಗುತ್ತದೆ. ಟ್ಯಾಂಕಿನಿಂದಲೇ ಬಕೆಟ್ಟಿಗೆ ತೆಗೆದ ನೀರಿನಲ್ಲಿ ಅದನ್ನು ಮೆಲ್ಲಗೆ ಎರಡು ಸಲ ಅದ್ದಿ ಹಿಂಡಿದರೆ ಸಾಕು. ಕಂದು ಬಣ್ಣ ಪೂರ್ತಿ ಹೋಗಬಾರದು. ಮೀನು ಸಾಕುವ ಗೆಳೆಯರು ಇದ್ದರೆ, ಅವರ ಟ್ಯಾಂಕಿನಲ್ಲಿ ರೋಗವಿಲ್ಲವೆಂದು ಖಾತ್ರಿಯಾದರೆ, ಓಡುತ್ತಿರುವ ಫಿಲ್ಟರಿನ ಒಂದು ತುಂಡು ಸ್ಪಾಂಜ್ ಕೇಳಿ ತನ್ನಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದು ಹೊಸ ಟ್ಯಾಂಕನ್ನು ಬೇಗ ಹದಕ್ಕೆ ತರುತ್ತದೆ. ದಾರಿಯಲ್ಲಿ ಒಣಗದಂತೆ ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ ತರಬೇಕು.

ಅಂಗಡಿಯವರು ಕೊಡುವ ನೀಲಿ ಔಷಧಿಯನ್ನು, ಅಂದರೆ ಮೆಥಿಲೀನ್ ಬ್ಲೂವನ್ನು, ಮಬ್ಬಿಗೆಂದು ಸುರಿಯಬೇಡಿ. ಶಿಲೀಂಧ್ರದ ರೋಗಕ್ಕೆ ಬೇರೆ ಪಾತ್ರೆಯಲ್ಲಿ ಅದಕ್ಕೆ ಬಳಕೆಯಿದೆ, ಟ್ಯಾಂಕಿಗೆ ಬಿದ್ದರೆ ಫಿಲ್ಟರಿನ ಜೀವಕ್ಕೆ ಕುತ್ತು. ಪಟಿಕ ಹಾಕಿ ನೋಡುವವರೂ ಇದ್ದಾರೆ. ಅದು ಕುಡಿಯುವ ನೀರಿನ ಕೆಸರನ್ನು ತಳಕ್ಕಿಳಿಸುತ್ತದೆ, ಅಮೋನಿಯಕ್ಕೆ ಏನೂ ಮಾಡದು.

1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಪ್ರಯೋಗವನ್ನು ವರದಿ ಮಾಡಿದರು. ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್, ಜೊತೆಗೆ ವ್ಯಾಲಿಸ್ನೇರಿಯ ಗಿಡ. ಗಿಡದ ಎಲೆಗಳು ಕೊಳೆತು ನೀರು ಮಬ್ಬಾಯಿತು. ಕೊಳದ ಬಸವನಹುಳುಗಳನ್ನು ಅವರು ಒಳಗೆ ಬಿಟ್ಟರು, ಹುಳುಗಳು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. ಮನೆಯಲ್ಲಿ ಅಕ್ವೇರಿಯಂ ಇಡುವ ಹವ್ಯಾಸದ ಆರಂಭದಲ್ಲೇ ಈ ಮಬ್ಬು ಎದುರಾಗಿತ್ತು. ವಾರಿಂಗ್ಟನ್ ಪಾತ್ರೆಯನ್ನು ಖಾಲಿ ಮಾಡಿ ಉಜ್ಜಲಿಲ್ಲ, ಅಲ್ಲಿ ಯಾವ ಜೀವ ಇಲ್ಲದಾಗಿದೆ ಎಂದು ಹುಡುಕಿದರು. ಆ ನೋಟ ನನಗೆ ಬಹಳ ಮೆಚ್ಚುಗೆ.

ಹಾಗಾದರೆ ಮಬ್ಬು ಬಂದ ದಿನ ಮಾಡಬೇಕಾದದ್ದೇನು? ಒಂದೆರಡು ದಿನ ಆಹಾರ ನಿಲ್ಲಿಸಿ, ಬೆಳೆದ ಆರೋಗ್ಯವಂತ ಮೀನಿಗೆ ಅದರಿಂದ ಏನೂ ಆಗದು. ಆಮೇಲೆ ದಿನಕ್ಕೆ ಒಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಮೀನು ಮನುಷ್ಯ ಹತ್ತಿರ ಬಂದಾಗಲೆಲ್ಲ ಬಾಯಿ ಆಡಿಸುತ್ತದೆ, ಅದನ್ನು ಹಸಿವೆಂದು ತಿಳಿದು ಮನೆಯ ನಾಲ್ವರೂ ನಾಲ್ಕು ಸಲ ಹಾಕುವುದೇ ಅರ್ಧ ತೊಂದರೆಯ ಮೂಲ. ಕಿಟ್ ಹಸಿರು ತೋರಿಸಿದರೆ ಕಾಲುಭಾಗ ನೀರು ತೆಗೆದು, ಆಂಟಿ ಕ್ಲೋರಿನ್ ಬೆರೆಸಿದ, ಅದೇ ಬಿಸಿಯ ನೀರು ತುಂಬಿ. ಮರುದಿನ ಮತ್ತೆ ಪರೀಕ್ಷಿಸಿ. ವಿದ್ಯುತ್ ಹೆಚ್ಚು ಹೊತ್ತು ಹೋಗುವ ಊರಾದರೆ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ನೀರು ಹರಿಯದ ಸ್ಪಾಂಜಿನಲ್ಲಿ ಬ್ಯಾಕ್ಟೀರಿಯಾಗಳೂ ಉಸಿರುಗಟ್ಟುತ್ತವೆ.

ಟ್ಯಾಂಕ್ ಮಾರಿದ ದಿನವೇ ಮೀನನ್ನೂ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕೊಡುವ ರೂಢಿ ನಿಲ್ಲಬೇಕೆಂಬುದು ನನ್ನ ಒತ್ತಾಯ. ಹುಟ್ಟುಹಬ್ಬಕ್ಕೆ ಮಗು ಮೀನು ಕೇಳಿದರೆ ಅಂದು ಟ್ಯಾಂಕು, ಫಿಲ್ಟರು, ಒಂದು ಕಟ್ಟು ವ್ಯಾಲಿಸ್ನೇರಿಯ, ನಾಲ್ಕು ಬಸವನಹುಳು ಕೊಡಿಸಿ. ದಿನಕ್ಕೆ ಚಿಟಿಕೆ ಮೀನಿನ ಆಹಾರ ಉದುರಿಸುತ್ತಿದ್ದರೆ ಅದು ಕೊಳೆತು ಅಮೋನಿಯವಾಗಿ ಬ್ಯಾಕ್ಟೀರಿಯಾಗಳಿಗೆ ಊಟ ಸಿಗುತ್ತದೆ. ನಳಿಗೆಗೆ ಹನಿ ಹಾಕಿ ಬಣ್ಣ ನೋಡುವ ಕೆಲಸ ಮಗುವಿನದೇ ಆಗಲಿ, ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಲಿ. ಆಹಾರ ಉದುರಿಸುತ್ತಿದ್ದರೂ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಲ್ಲೇ ನಿಂತ ವಾರ ಅಂಗಡಿಗೆ ಕರೆದುಕೊಂಡು ಹೋಗಿ, ಎರಡೇ ಎರಡು ಮೀನು ಆರಿಸಲು ಹೇಳಿ.